ಇಪ್ಪತ್ತಮೂರು ಪ್ರಶ್ನೆಗಳೂ ಒಂಬತ್ತು ಬಾತುಕೋಳಿಗಳೂ

ಲೋಕದಲ್ಲಿ ಪ್ರಶ್ನೆಗಳು ವಿಪರೀತವಾಗಿವೆ, ಅವನ್ನು ಕಡಿಮೆ ಮಾಡಲೆಂದೇ ನಾನು ಜನ್ಮವೆತ್ತಿದ್ದೇನೆ ಎಂಬ ಜ್ಞಾನೋದಯ ನನಗಾದದ್ದು ಒಂದು ಸೋಮವಾರ, ಬೆಳಗ್ಗೆ ಹತ್ತೂಕಾಲಿಗೆ, ಕಚೇರಿಯ ಎರಡನೇ ಮಹಡಿಯಲ್ಲಿ, ಕಾಫಿ ಯಂತ್ರದ ಪಕ್ಕದ ಕಾಲು ಕುಂಟುವ ಕುರ್ಚಿಯಲ್ಲಿ. ಜ್ಞಾನೋದಯಕ್ಕೆ ಮರವೇ ಬೇಕೆಂದು ಎಲ್ಲಿ ಬರೆದಿದೆ?

ನಮ್ಮ ಕಂಪನಿ ಕಸೂತಿ ಯಂತ್ರಗಳನ್ನು ಮಾಡುತ್ತದೆ. ಚಿತ್ರ ಕೊಟ್ಟರೆ ಸಾಕು, ಬಟ್ಟೆಯ ಮೇಲೆ ತಾನೇ ಹೊಲಿಯುವ ಯಂತ್ರ. ಯಂತ್ರ ಮಾಡುವ ಪುಣ್ಯಾತ್ಮರು ಬೇರೆ. ನಾನು ಅದರೊಳಗಿನ ಸಾಫ್ಟ್‌ವೇರನ್ನು ಆಗಾಗ ಅಪ್‌ಡೇಟ್ ಮಾಡುವ ಪ್ರೋಗ್ರಾಂನ ಏಕಮೇವ ಚಕ್ರವರ್ತಿ. ಈ ಪ್ರೋಗ್ರಾಂಗೆ ಬಣ್ಣದ ಗುಂಡಿ, ಚೆಂದದ ಚಿತ್ರ ಒಂದೂ ಇಲ್ಲ. ಕಪ್ಪು ಪರದೆ, ಬಿಳಿ ಅಕ್ಷರ, ಅಷ್ಟೇ. ಒಂದು ಸಾಲಿನ ಆದೇಶ ಟೈಪ್ ಮಾಡಬೇಕು. ಆಮೇಲೆ ಅದು ಕೇಳಿದ್ದಕ್ಕೆಲ್ಲ ಹೌದಾದರೆ 'ವೈ', ಇಲ್ಲವಾದರೆ 'ಎನ್' ಒತ್ತುತ್ತ ಕೂರಬೇಕು. ಕೇಳುವುದು ಎಷ್ಟು? ಇಪ್ಪತ್ತಮೂರು ಪ್ರಶ್ನೆ!

"ಯಂತ್ರವನ್ನು ಅಪ್‌ಡೇಟ್ ಮಾಡಬೇಕೆ?" ಅಲ್ಲಯ್ಯಾ, ಅದಕ್ಕೇ ತಾನೆ ನಿನ್ನನ್ನು ಕರೆದದ್ದು! "ಖಚಿತವೇ?" ಖಚಿತ. "ನಿಜವಾಗಿಯೂ ಖಚಿತವೇ?" ನನ್ನ ಮದುವೆಯ ದಿನವೂ ಯಾರೂ ನನ್ನನ್ನು ಇಷ್ಟು ಕಾಳಜಿಯಿಂದ ವಿಚಾರಿಸಿರಲಿಲ್ಲ.

ಬಾಸ್ ಒಂದು ಕಾಗದ ಹಿಡಿದುಕೊಂಡು ಬಂದರು. "ನೋಡಿ ಇವ್ರೇ, ಒಬ್ಬ ಟೈಲರ್ ಬರೆದಿದ್ದಾನೆ. ನಿಮ್ಮ ಪ್ರೋಗ್ರಾಂ ಕೇಳೋ ಪ್ರಶ್ನೆಗೆಲ್ಲ ಉತ್ತರ ಕೊಟ್ಟು ಮುಗಿಸೋ ಹೊತ್ತಿಗೆ ಗಿರಾಕಿ ದಪ್ಪ ಆಗ್ಬಿಟ್ಟು, ತೆಗೆದಿದ್ದ ಅಳತೆ ದಂಡ ಆಯ್ತಂತೆ. ಪ್ರಶ್ನೆ ಸ್ವಲ್ಪ ಕಡಿಮೆ ಮಾಡೋಕಾಗುತ್ತಾ?"

"ಕಡಿಮೆನಾ? ಸಾರ್, ಸೊನ್ನೆ ಮಾಡ್ತೀನಿ!" ಎಂದು ಕುರ್ಚಿಯಿಂದ ಎದ್ದೇ ಘೋಷಿಸಿದೆ. ಕುರ್ಚಿ ಹಿಂದಕ್ಕೆ ಬಿತ್ತು. ಅದನ್ನು ನಾನು ಚಪ್ಪಾಳೆ ಎಂದು ತಿಳಿದುಕೊಂಡೆ.

ಆದರೆ ಪ್ರತಿ ಕಚೇರಿಯಲ್ಲೂ ಮಹಾಕಾರ್ಯಕ್ಕೆ ಅಡ್ಡಗಾಲು ಹಾಕಲೆಂದೇ ಸಂಬಳ ಪಡೆಯುವವರು ಒಬ್ಬರಿರುತ್ತಾರೆ. ನಮ್ಮಲ್ಲಿ ಅವರು ತಪಾಸಣೆ ವಿಭಾಗದ ಮೇಡಂ. ಯಾವ ಪ್ರೋಗ್ರಾಂ ಬರೆದರೂ ಅದರಲ್ಲಿ ತಪ್ಪು ಹುಡುಕುವುದು ಅವರ ಕೆಲಸ. ಮುಖ ನೋಡಿದರೆ ಹವ್ಯಾಸವೂ ಅದೇ ಎನ್ನಿಸುತ್ತದೆ.

"ಎಲ್ಲಾ ಪ್ರಶ್ನೆನೂ ಒಂದೇ ಥರ ಅಲ್ಲ," ಎಂದರು ಮೇಡಂ. "ಹದಿನಾಲ್ಕನೇದು ನೋಡಿದ್ರಾ? 'ಫ್ರೇಮಿನಲ್ಲಿ ಇರುವುದು ಬೇಡದ ಬಟ್ಟೆಯೇ?' ಅಂತ."

ಫ್ರೇಮ್ ಎಂದರೆ ಬಟ್ಟೆಯನ್ನು ಬಿಗಿಯಾಗಿ ಹಿಡಿದಿಡುವ ಚೌಕಟ್ಟು. ಅಪ್‌ಡೇಟ್ ಆದಮೇಲೆ ಯಂತ್ರ ಸರಿಯಾಗಿದೆಯೋ ಇಲ್ಲವೋ ನೋಡಲು ಅದು ಒಂದು ನಮೂನೆ ಚಿತ್ರ ಹೊಲಿಯುತ್ತದೆ. ಆ ಚಿತ್ರ ಒಂದು ಬಾತುಕೋಳಿ. ದುಂಡು ಹೊಟ್ಟೆ, ಅಗಲ ಕೊಕ್ಕು, ಲೋಕದ ಚಿಂತೆಯೇ ಇಲ್ಲದ ಒಂದು ಕಣ್ಣು. ಯಾಕೆ ಬಾತುಕೋಳಿ ಎಂದು ಕೇಳಬೇಡಿ, ಕಂಪನಿ ಕಟ್ಟಿದವರಿಗೆ ಅದು ಇಷ್ಟವಂತೆ.

"ಒಳ್ಳೇ ಬಟ್ಟೆ ಇಟ್ಕೊಂಡು ಯಾವ ಪೆದ್ದ ಅಪ್‌ಡೇಟ್ ಮಾಡ್ತಾನೆ ಮೇಡಂ?" ಎಂದು ನಕ್ಕೆ.

"ಯಾರೋ ಒಬ್ಬ ಇದ್ದೇ ಇರ್ತಾನೆ," ಎಂದರು ಮೇಡಂ, ನನ್ನನ್ನೇ ನೋಡುತ್ತ. ಅವರಿಗೆ ಭವಿಷ್ಯ ಹೇಳುವ ಅಭ್ಯಾಸವೂ ಇದೆಯೆಂದು ಆಗ ನನಗೆ ಗೊತ್ತಿರಲಿಲ್ಲ.

ಐದು ದಿನ ಬೇಕು ಎಂದು ಬಾಸ್‌ಗೆ ಹೇಳಿದ್ದೆ. ಕೆಲಸ ಅರ್ಧ ದಿನಕ್ಕೆ ಮುಗಿಯಿತು. ಉಳಿದ ನಾಲ್ಕೂವರೆ ದಿನ ಅದರ ಬಗ್ಗೆ ಮಾತಾಡಿದೆ. ನಾನು ಮಾಡಿದ್ದಿಷ್ಟೇ: ಯಂತ್ರ ಯಾವ ಪ್ರಶ್ನೆ ಕೇಳಲಿ, ನನ್ನ ಪ್ರೋಗ್ರಾಂ ಮನುಷ್ಯನಿಗೆ ತೊಂದರೆ ಕೊಡದೆ ತಾನೇ 'ಹೌದು' ಎಂದುಬಿಡುತ್ತದೆ. ಎಷ್ಟು ಸರಳ! ಎಷ್ಟು ಸುಂದರ! ಅದಕ್ಕೆ 'ಮೌನಿ' ಎಂದು ನಾಮಕರಣವನ್ನೂ ಮಾಡಿದೆ.

ಶುಕ್ರವಾರ ಸಂಜೆ ಮನೆಗೆ ಬಂದು ಹೆಂಡತಿಯ ಮುಂದೆ ಕೊಚ್ಚಿಕೊಂಡೆ. ಅವಳ ಕಸುಬು ಕಸೂತಿ. ನಮ್ಮ ಮನೆಯ ಮುಂದಿನ ಕೋಣೆಯಲ್ಲಿ, ಕಿಟಕಿಯ ಪಕ್ಕ, ನಮ್ಮ ಕಂಪನಿಯದೇ ಯಂತ್ರ ಕೂತಿದೆ.

"ಏನೂ ಕೇಳ್ದೇ ಹೋದ್ರೆ ಅದಕ್ಕೆ ಹೇಗ್ರೀ ಗೊತ್ತಾಗುತ್ತೆ?" ಎಂದಳು, ಸೂಜಿಗೆ ದಾರ ಪೋಣಿಸುತ್ತ.

"ಎಲ್ಲಾದಕ್ಕೂ ಹೌದು ಅಂದ್ಕೊಳ್ಳುತ್ತೆ."

"ಓಹೋ! ಹಾಗಂದ್ರೆ ನಿಮ್ಮನ್ನೇ ಮಾಡಿಟ್ಟಿದ್ದೀರಿ ಅನ್ನಿ."

"ಏನೇ ಹಾಗಂದ್ರೆ?"

"ಮದುವೆ ಆಗಿ ಹನ್ನೆರಡು ವರ್ಷ ಆಯ್ತು. ನಾನೇನು ಕೇಳಿದ್ರೂ ನೀವು 'ಹೂಂ'. ಕಿಟಕಿ ಹಾಕ್ಲಾ? ಹೂಂ. ತೆಗೀಲಾ? ಹೂಂ. ಮನೇಗೆ ಬೆಂಕಿ ಬಿದ್ದಿದೆ ರೀ ಅಂದ್ರೂ ಹೂಂ ಅಂತೀರಿ. ಕೇಳಿಸ್ಕೊಳ್ತಾ ಇದ್ದೀರಾ?"

"ಹೂಂ," ಎಂದೆ. ಮೊಬೈಲಿನಲ್ಲಿ ಬಾಸ್ ಕಳಿಸಿದ್ದ ಹೆಬ್ಬೆರಳಿನ ಚಿತ್ರ ನೋಡುತ್ತಿದ್ದೆ.

ಇಲ್ಲಿ ನಮ್ಮ ಅತ್ತೆಯವರನ್ನು ಪರಿಚಯಿಸಬೇಕು. ಹೆಂಡತಿಯ ತಾಯಿ, ಶಾಲೆಯೊಂದರ ಮುಖ್ಯೋಪಾಧ್ಯಾಯಿನಿ. ಅವರ ಕನ್ನಡಕ ಮೂಗಿನ ತುದಿಯಲ್ಲಿ ಯಾವ ಆಧಾರವೂ ಇಲ್ಲದೆ ನಿಲ್ಲುತ್ತದೆ. ಬೀಳಲು ಅದಕ್ಕೂ ಹೆದರಿಕೆ ಇರಬೇಕು. ಮೂವತ್ತೆಂಟು ವರ್ಷ ಪ್ರಶ್ನೆ ಕೇಳಿ ಕೇಳಿ ಈಗ ಅವರಿಗೆ ಸಾಮಾನ್ಯ ವಾಕ್ಯ ಮಾತಾಡುವುದೇ ಮರೆತುಹೋಗಿದೆ. ಫೋನ್ ಮಾಡಿದರೆ "ಯಾರು?" ನಾನು ಎಂದರೆ "ನಾನು ಅಂದ್ರೆ?" ನಿಮ್ಮ ಅಳಿಯ ಎಂದರೆ "ಏನು ವಿಷಯ?" ಏನಿಲ್ಲ ಎಂದರೆ "ಏನೂ ಇಲ್ದೇ ಯಾಕೆ ಮಾಡಿದ್ರಿ?"

ಅತ್ತೆಗೆ ಆ ಶನಿವಾರ ನಿವೃತ್ತಿ. ಸಂಜೆ ಐದಕ್ಕೆ ಶಾಲೆಯ ಸಭಾಂಗಣದಲ್ಲಿ ಬೀಳ್ಕೊಡುಗೆ. ಅದಕ್ಕಾಗಿ ನನ್ನ ಹೆಂಡತಿ ಮೂರು ತಿಂಗಳಿಂದ ಒಂದು ಶಾಲು ತಯಾರಿಸುತ್ತಿದ್ದಳು. ಕೆನೆ ಬಣ್ಣದ ಉಣ್ಣೆ ಶಾಲು. ಅದರ ಅಂಚಿನ ಉದ್ದಕ್ಕೂ ಹಸಿರು ಎಲೆಗಳು. ಒಂದು ವರ್ಷದ ಸೇವೆಗೆ ಒಂದು ಎಲೆಯಂತೆ ಮೂವತ್ತೆಂಟು ಎಲೆ. ಒಂದರ ಹಾಗೆ ಇನ್ನೊಂದಿಲ್ಲ. ಒಂದೊಂದನ್ನೂ ತಾನೇ ಕಾಗದದ ಮೇಲೆ ಬರೆದು, ಯಂತ್ರಕ್ಕೆ ಕೊಟ್ಟು, ಹೊಲಿಸಿದ್ದಳು. ಮೂವತ್ತೇಳು ಮುಗಿದಿದ್ದವು. ಕೊನೆಯದೊಂದು ಬಾಕಿ.

ಶನಿವಾರ ಬೆಳಗ್ಗೆ ಹನ್ನೊಂದು ಗಂಟೆ. ನಾನು ಊಟದ ಮೇಜಿನ ಮೇಲೆ ಲ್ಯಾಪ್‌ಟಾಪ್ ಇಟ್ಟುಕೊಂಡು ಸೋಮವಾರದ ಭಾಷಣ ಬರೆಯುತ್ತಿದ್ದೆ. 'ಮಹನೀಯರೇ, ಪ್ರಶ್ನೆಯೆಂಬುದು ಒಂದು ರೋಗ' ಎಂಬಲ್ಲಿಗೆ ಬಂದಿದ್ದೆ. ಹೆಂಡತಿ ಚಪ್ಪಲಿ ಮೆಟ್ಟಿಕೊಂಡು ಬಾಗಿಲಲ್ಲಿ ನಿಂತು ಏನೋ ಕೇಳಿದಳು.

"ಹೂಂ," ಎಂದೆ.

ಇನ್ನೇನೋ ಕೇಳಿದಳು.

"ಹೂಂ."

ಮತ್ತೂ ಒಂದು ಕೇಳಿದಳು. ಸ್ವಲ್ಪ ಉದ್ದದ್ದು.

"ಹೂಂ, ಹೂಂ," ಎಂದು ಬೋನಸ್ ಸೇರಿಸಿಯೇ ಕೊಟ್ಟೆ. ಬಾಗಿಲು ಹಾಕಿಕೊಂಡ ಸದ್ದಾಯಿತು. ಮೂರೂ ಪ್ರಶ್ನೆಗಳಲ್ಲಿ ಒಂದಾದರೂ ಕಿವಿಯ ಒಳಗೆ ಹೋಗಿದ್ದರೆ ಕೇಳಿ!

ಐದೇ ನಿಮಿಷಕ್ಕೆ ಬಾಸ್ ಫೋನ್. "ಸೋಮವಾರ ಎಲ್ರ ಮುಂದೆ ತೋರಿಸ್ತಿದ್ದೀರಲ್ಲ, ನಿಜವಾದ ಯಂತ್ರದ ಮೇಲೆ ಓಡಿಸಿ ನೋಡಿದ್ದೀರಿ ತಾನೆ?"

"ಹೂಂ ಸಾರ್!"

ಓಡಿಸಿರಲಿಲ್ಲ. ಆದರೆ ನನ್ನಂಥ ಸತ್ಯವಂತ ಸುಳ್ಳಾಡಬಾರದಲ್ಲ. ಹೇಳಿದ ಮಾತನ್ನು ಹಿಂದಿನಿಂದಲಾದರೂ ನಿಜ ಮಾಡಬೇಕೆಂದು ತೀರ್ಮಾನಿಸಿ, ಎದುರಿಗೇ ಇದ್ದ ಹೆಂಡತಿಯ ಯಂತ್ರದ ಕಡೆ ಹೊರಟೆ.

ಯಂತ್ರದ ಮುಖ ಕಿಟಕಿಯ ಕಡೆಗಿದೆ, ಬೆನ್ನು ಊಟದ ಮೇಜಿನ ಕಡೆ. ಬೆನ್ನಿಗೆ ತಂತಿ ಸಿಕ್ಕಿಸಿದೆ, ಇನ್ನೊಂದು ತುದಿ ಲ್ಯಾಪ್‌ಟಾಪಿಗೆ. ಮುಂದಕ್ಕೆ ಹೋಗಿ ಫ್ರೇಮಿನಲ್ಲಿ ಏನಿದೆ ಎಂದು ಬಗ್ಗಿ ನೋಡಬಹುದಿತ್ತು. ನಾಲ್ಕು ಹೆಜ್ಜೆ. ಆದರೆ ಬಗ್ಗಿ ನೋಡುವುದೂ ಒಂದು ಥರದ ಪ್ರಶ್ನೆಯೇ ಅಲ್ಲವೇ? ಪ್ರಶ್ನೆಗಳನ್ನು ಬೇರುಸಹಿತ ಕೀಳಲು ಹೊರಟ ವೀರ ಹಾಗೆಲ್ಲ ಬಗ್ಗುವುದಿಲ್ಲ! ಕುರ್ಚಿಗೆ ಒರಗಿ, ಒಂದು ಸಾಲು ಟೈಪ್ ಮಾಡಿ, ಒತ್ತಿದೆ.

ಪರದೆಯ ಮೇಲೆ ಬಿಳಿ ಸಾಲುಗಳು ಜಲಪಾತದಂತೆ ಇಳಿದವು. ಅಪ್‌ಡೇಟ್ ಮಾಡಬೇಕೆ? ಹೌದು. ಖಚಿತವೇ? ಹೌದು. ನಿಜವಾಗಿಯೂ? ಹೌದು. ಕೈಯಾಡಿಸದೆ ಕೆಲಸ ನಡೆಯುತ್ತಿತ್ತು. ನಾನು ಎರಡೂ ಕೈ ಕಟ್ಟಿಕೊಂಡು ಬೀಗಿದೆ. ಅಷ್ಟರಲ್ಲಿ ಕಿಟಕಿಯ ಕಡೆಯಿಂದ ಟಕಟಕಟಕ ಎಂದು ಸದ್ದು ಶುರುವಾಯಿತು. ಬಾತುಕೋಳಿ ಹೊಲಿಯುತ್ತಿದೆ! ಎದ್ದು ಹೋಗಿ ಕಾಫಿ ಮಾಡಿಕೊಂಡು ಬಂದೆ.

ಒಂದು ಬಾತುಕೋಳಿಗೆ ಬೇಕಾದದ್ದು ಮೂರು ನಿಮಿಷ. ಕಾಫಿ ಅರ್ಧ ಮುಗಿಯಿತು. ಟಕಟಕ ನಿಲ್ಲಲಿಲ್ಲ. ಕಾಫಿ ಪೂರ್ತಿ ಮುಗಿಯಿತು. ಟಕಟಕ ಇನ್ನೂ ಹುರುಪಿನಿಂದ ನಡೆದಿತ್ತು. ಪರದೆ ನೋಡಿದೆ. 'ಇನ್ನೊಂದು ಬಾತುಕೋಳಿ ಹೊಲಿದು ನೋಡಬೇಕೆ? ಹೌದು. ಇನ್ನೊಂದು ಬಾತುಕೋಳಿ ಹೊಲಿದು ನೋಡಬೇಕೆ? ಹೌದು.' ಅರೆ, ಇಂಥದ್ದೂ ಒಂದು ಪ್ರಶ್ನೆ ಇತ್ತೇ! ಇಪ್ಪತ್ತಮೂರನ್ನೂ ಒಮ್ಮೆಯಾದರೂ ಓದಬೇಕಿತ್ತು. ತೆಗೆದುಹಾಕುವ ಆತುರದಲ್ಲಿ ಓದಲು ಪುರುಸೊತ್ತಾಗಿರಲಿಲ್ಲ. ಸ್ವಲ್ಪ ಮೇಲೆ ಹದಿನಾಲ್ಕನೆಯದು ಕಂಡಿತು. 'ಫ್ರೇಮಿನಲ್ಲಿ ಇರುವುದು ಬೇಡದ ಬಟ್ಟೆಯೇ? ಹೌದು.'

ನಾಲ್ಕು ಹೆಜ್ಜೆಯನ್ನು ಒಂದೇ ನೆಗೆತದಲ್ಲಿ ದಾಟಿದೆ.

ಕೆನೆ ಬಣ್ಣದ ಉಣ್ಣೆ. ಒಂದು ಕಡೆ ಸಾಲಾಗಿ ಎಲೆಗಳು, ನಡುವೆ ಸಾಲಾಗಿ ಬಾತುಕೋಳಿಗಳು! ಎಲೆಗೆಂದು ಪೋಣಿಸಿಟ್ಟಿದ್ದ ದಾರದಲ್ಲೇ ಹೊಲಿದಿದ್ದರಿಂದ ಬಾತುಕೋಳಿಗಳೂ ಹಚ್ಚ ಹಸಿರು. ಮೂರು ಪೂರ್ತಿಯಾಗಿದ್ದವು. ನಾಲ್ಕನೆಯದಕ್ಕೆ ಕೊಕ್ಕು ಮೂಡುತ್ತಿತ್ತು. ಮೂರೂ ನನ್ನನ್ನೇ ಒಂದೊಂದು ಕಣ್ಣಿನಿಂದ ನೋಡುತ್ತಿದ್ದವು.

"ಅಯ್ಯೋ ನಿಲ್ಸೋ!" ಎಂದು ಯಂತ್ರಕ್ಕೇ ಕೂಗಿದೆ. ಲ್ಯಾಪ್‌ಟಾಪಿನ ಗುಂಡಿಗಳನ್ನೆಲ್ಲ ಒಂದು ಸುತ್ತು ಒತ್ತಿದೆ. ಮೌನಿ ಮನುಷ್ಯರ ಮಾತು ಕೇಳುವುದಿಲ್ಲ. ಕೇಳಬಾರದೆಂದು ತಾನೆ ನಾನೇ ಬರೆದದ್ದು! ಕೊನೆಗೆ ಗೋಡೆಯಿಂದ ಪ್ಲಗ್ಗನ್ನೇ ಕಿತ್ತೆ. ಟಕಟಕ ನಿಂತಿತು. ಶಾಲನ್ನು ಬಿಡಿಸಲು ಹೋದರೆ ಬರುತ್ತಿಲ್ಲ. ಸೂಜಿ ಬಟ್ಟೆಯೊಳಗೇ ಕೂತುಬಿಟ್ಟಿದೆ, ನಾಲ್ಕನೇ ಬಾತುಕೋಳಿಯ ಕುತ್ತಿಗೆಯಲ್ಲಿ.

ಸೂಜಿಯನ್ನು ಕೈಯಿಂದ ಮೇಲೆತ್ತಲು ಬಲಗಡೆ ಒಂದು ಚಕ್ರ ಇದೆಯಂತೆ. ನಮ್ಮ ಕಂಪನಿಯ ಯಂತ್ರ ಕೊಂಡ ಪ್ರತಿಯೊಬ್ಬರಿಗೂ ಅದು ಗೊತ್ತು. ಕಂಪನಿಯಲ್ಲಿ ಹದಿನಾಲ್ಕು ವರ್ಷದಿಂದ ಸಂಬಳ ತಿನ್ನುತ್ತಿರುವ ನನಗೆ ಮಾತ್ರ ಗೊತ್ತಿರಲಿಲ್ಲ. ಬೇರೆ ದಾರಿ ಕಾಣದೆ ತಪಾಸಣೆ ಮೇಡಂಗೆ ಫೋನ್ ಮಾಡಿದೆ.

"ಮೇಡಂ, ಸುಮ್ನೆ ಒಂದು ಮಾತಿಗೆ ಕೇಳ್ತೀನಿ. ಯಾರೋ ಒಬ್ಬ ಹೊಲಿಯೋವಾಗ ಕರೆಂಟ್ ತೆಗೆದುಬಿಟ್ಟ ಅಂತ ಇಟ್ಕೊಳ್ಳಿ. ಸೂಜಿ ಸಿಕ್ಕಾಕ್ಕೊಂಡಿದೆ. ಏನ್ಮಾಡ್ಬೇಕು?"

"ಯಾರೋ ಒಬ್ಬನಾ?"

"ಹೂಂ ಮೇಡಂ. ನಿಮಗೆ ಗೊತ್ತಿಲ್ಲ ಅವನು."

"ತುಂಬಾ ಚೆನ್ನಾಗಿ ಗೊತ್ತು. ಕರೆಂಟ್ ವಾಪಸ್ ಕೊಟ್ರೆ ಸೂಜಿ ತಾನೇ ಮೇಲೆ ಬರುತ್ತೆ..."

ಅಷ್ಟು ಸಾಕು! ಪ್ಲಗ್ ಸಿಕ್ಕಿಸಿಯೇಬಿಟ್ಟೆ. ಮೇಡಂ ಇನ್ನೂ ಮಾತಾಡುತ್ತಿದ್ದರು. "...ಆದ್ರೆ ಮೊದಲು ಲ್ಯಾಪ್‌ಟಾಪ್ ತಂತಿ ಕೀಳಿ. ಯಾಕಂದ್ರೆ ಕರೆಂಟ್ ಬಂದ ತಕ್ಷಣ ಅದು 'ನಿಂತಲ್ಲಿಂದ ಮುಂದುವರಿಸಬೇಕೆ?' ಅಂತ ಕೇಳುತ್ತೆ. ಆ ಪ್ರಶ್ನೆಗೂ ನೀವು ಹೌದು ಅಂತ ಬರೆದಿಟ್ಟಿಲ್ಲ ತಾನೆ?"

ಟಕಟಕಟಕಟಕ!

"ಏನದು ಸದ್ದು?" ಎಂದರು ಮೇಡಂ.

"ಏನಿಲ್ಲ ಮೇಡಂ, ಪಕ್ಕದ್ಮನೇದು," ಎಂದು ಫೋನಿಟ್ಟೆ. ತಂತಿ ಕೀಳಲು ಹಿಂದಕ್ಕೆ ಓಡುವಾಗ ಕಾಲಿಗೆ ಅದೇ ತಂತಿ ತೊಡರಿ ನೆಲಕ್ಕೆ ಬಿದ್ದೆ. ಬಿದ್ದ ಹೊಡೆತಕ್ಕೆ ಲ್ಯಾಪ್‌ಟಾಪ್ ಮೇಜಿನಿಂದ ಜಾರಿ ಸೋಫಾದ ಹಿಂದೆ ಹೋಗಿ ಸೇರಿತು. ತಂತಿ ಮಾತ್ರ ಕಳಚಲಿಲ್ಲ. ನಮ್ಮ ಕಂಪನಿಯ ತಂತಿಗಳು ಅಷ್ಟು ಗಟ್ಟಿ. ಗೋಡೆಗೂ ಸೋಫಾಕ್ಕೂ ನಡುವೆ ಹೊಟ್ಟೆ ಸಿಕ್ಕಿಸಿಕೊಂಡು ನಾನು ಒದ್ದಾಡುತ್ತಿದ್ದರೆ, ಕಿಟಕಿಯ ಬಳಿ ಐದು, ಆರು, ಏಳು ಎಂದು ಬಾತುಕೋಳಿ ಸಂಸಾರ ಬೆಳೆಯುತ್ತಲೇ ಇತ್ತು. ಸೋಫಾ ಸರಿಸಿ ಲ್ಯಾಪ್‌ಟಾಪ್ ಎಳೆದುಕೊಳ್ಳುವ ಹೊತ್ತಿಗೆ ಪರದೆಯ ಮೇಲೆ ಹೊಸ ಸಾಲುಗಳು ಬಂದಿದ್ದವು.

'ಫ್ರೇಮ್ ತುಂಬಿದೆ. ಮುಗಿಸಬೇಕೆ? ಹೌದು. ಹಳೆಯ ವಿನ್ಯಾಸಗಳನ್ನು ಅಳಿಸಬೇಕೆ? ಹೌದು. ಎತ್ತಿಟ್ಟ ಪ್ರತಿಯನ್ನೂ ಅಳಿಸಬೇಕೆ? ಹೌದು. ತಮ್ಮ ಸಹಕಾರಕ್ಕೆ ಧನ್ಯವಾದಗಳು.'

ಒಂಬತ್ತು ಬಾತುಕೋಳಿಗಳು. ಮೂರು ಸಾಲು, ಸಾಲಿಗೆ ಮೂರು. ಹೆಂಡತಿ ಬರೆದಿಟ್ಟಿದ್ದ ಮೂವತ್ತೆಂಟು ಎಲೆಗಳ ವಿನ್ಯಾಸವೂ ಯಂತ್ರದಿಂದ ಮಾಯ. ಇನ್ನೂ ಹೊಲಿಯದಿದ್ದ ಕೊನೆಯ ಎಲೆಯೂ ಅದರ ಜೊತೆಗೇ ಹೋಯಿತು. ಒಂದು ಪ್ರಶ್ನೆಯನ್ನೂ ಕೇಳದೆ ಇಷ್ಟೆಲ್ಲ ಸಾಧಿಸಿದ ಪ್ರೋಗ್ರಾಂ ಜಗತ್ತಿನಲ್ಲಿ ಇನ್ನೊಂದು ಇರಲಾರದು.

ಬಾಗಿಲು ತೆರೆಯಿತು. ಹೆಂಡತಿ ಕೈಯಲ್ಲಿ ಒಂದು ಚೆಂದದ ಡಬ್ಬ ಹಿಡಿದು ಒಳಗೆ ಬಂದಳು. ನಾನು ಯಂತ್ರಕ್ಕೆ ಅಡ್ಡಲಾಗಿ ಎರಡೂ ಕೈ ಅಗಲಿಸಿ ನಿಂತು ಹಲ್ಲು ಕಿರಿದೆ.

"ಇಷ್ಟು ಬೇಗ ಬಂದ್ಬಿಟ್ಟೆ?"

"ಶಾಲಿಗೆ ಡಬ್ಬ ಸಿಕ್ತು. ಯಾಕೆ ಹಾಗೆ ನಿಂತಿದ್ದೀರಿ?"

"ಗಾಳಿ ತಗೊಳ್ತಾ ಇದ್ದೆ ಕಣೇ."

"ಸರೀರಿ ಆ ಕಡೆ."

ಸರಿದೆ. ಬೇರೆ ಏನು ಮಾಡಲಿ?

ಕೂಗಾಡುತ್ತಾಳೆ, ಡಬ್ಬ ಎಸೆಯುತ್ತಾಳೆ ಎಂದುಕೊಂಡು ತಲೆ ಬಗ್ಗಿಸಿ ಸಿದ್ಧನಾಗಿದ್ದೆ. ಅವಳು ಒಂದೇ ಒಂದು ಪ್ರಶ್ನೆ ಕೇಳಲಿಲ್ಲ. ಯಾರು ಮಾಡಿದ್ದು, ಯಾಕೆ, ಹೇಗೆ, ಏನೂ ಇಲ್ಲ. ಕುರ್ಚಿ ಎಳೆದು ಕೂತು, ಬೆರಳಿನಿಂದ ಒಂದು ಬಾತುಕೋಳಿಯ ಬೆನ್ನನ್ನು ಸವರಿದಳು. ಪ್ರಶ್ನೆಗಳಿಲ್ಲದ ಮನೆ ಹೇಗಿರುತ್ತದೆಂದು ನನಗೆ ಆಗ ಗೊತ್ತಾಯಿತು.

"ಮೂರು ತಿಂಗಳು ರೀ," ಎಂದಳು ಆಮೇಲೆ. ಕಣ್ಣು ತುಂಬಿತ್ತು. ನನಗೆ ನಿಜಕ್ಕೂ ನಾಚಿಕೆಯಾಯಿತು.

"ನನಗೆ ಗೊತ್ತಿರ್ಲಿಲ್ಲ ಕಣೇ, ಶಾಲು ಇದ್ರಲ್ಲೇ ಇದೆ ಅಂತ."

"ಹೇಳಿದ್ನಲ್ಲ. ಹೋಗೋವಾಗ ಮೂರು ಸಲ ಕೇಳಿದೆ. 'ಅಮ್ಮನ ಶಾಲು ಫ್ರೇಮಲ್ಲೇ ಇದೆ, ಗೊತ್ತಾಯ್ತಾ?' ಅಂದೆ. ನೀವು ಹೂಂ ಅಂದ್ರಿ. 'ನಾನು ಬರೋವರೆಗೂ ಯಂತ್ರ ಮುಟ್ಟಲ್ಲ ತಾನೆ?' ಅಂದೆ. ಹೂಂ ಅಂದ್ರಿ."

"ಮೂರನೇದು?"

"ನಿಮ್ಮ ಮುಖ ನೋಡಿ ಅನುಮಾನ ಬಂತು. 'ಶಾಲಿಗೇನಾದ್ರೂ ಆದ್ರೆ ಸಭೇಲಿ ಎಲ್ರ ಮುಂದೆ ನೀವೇ ಅಮ್ಮಂಗೆ ಹೇಳ್ತೀರಾ?' ಅಂದೆ."

"ನಾನು?"

"ಎರಡು ಸಲ ಹೂಂ ಅಂದ್ರಿ."

ಬಿಚ್ಚೋಣವೇ ಎಂದು ಕೇಳಿದೆ. ದಟ್ಟವಾದ ಹೊಲಿಗೆ, ಬಿಚ್ಚಿದರೆ ಉಣ್ಣೆ ಹರಿದು ಜಾಲರಿಯಾಗುತ್ತದೆ ಎಂದಳು. ಶಾಲಿನ ಒಂದು ಮಡಿಕೆ ಬೇರೆ ಸೂಜಿಯಡಿ ನುಸುಳಿ ಅದಕ್ಕೂ ಹೊಲಿಗೆ ಬಿದ್ದಿತ್ತು. ಅದನ್ನು ಅವಳು ಸಣ್ಣ ಕತ್ತರಿಯಿಂದ ಬಿಡಿಸುವಾಗ ನಾನು ಆ ಕಡೆ ನೋಡುವ ಧೈರ್ಯ ಮಾಡಲಿಲ್ಲ. ಬೇರೆ ಉಡುಗೊರೆ ಕೊಳ್ಳೋಣವೇ ಎಂದೆ. ಅವಳು ನನ್ನನ್ನು ನೋಡಿದ ನೋಟಕ್ಕೆ ಕಾರಿನ ಕೀಲಿ ಹುಡುಕಲು ಹೊರಟೆ.

ಕಾರಿನಲ್ಲಿ ದಾರಿಯುದ್ದಕ್ಕೂ ಅವಳು ಕೊನೆಯ ಎಲೆಯನ್ನು ಕೈಸೂಜಿಯಲ್ಲಿ ಹೊಲಿದಳು. ನಾನು ರಸ್ತೆಯ ಗುಂಡಿ ಕಂಡಲ್ಲೆಲ್ಲ ಕಾರನ್ನು ಆಮೆಯ ಹಾಗೆ ಇಳಿಸಿ ಹತ್ತಿಸಿದೆ. ಹಿಂದಿನವರು ಹಾರ್ನ್ ಹೊಡೆದು ಬೈದರು. ಶಾಲೆಯ ಗೇಟಿನ ಹತ್ತಿರ ಅವಳು ದಾರವನ್ನು ಹಲ್ಲಿನಿಂದ ಕಡಿದಳು. ಮೂವತ್ತೆಂಟನೆಯ ಎಲೆ ಸ್ವಲ್ಪ ಸೊಟ್ಟಗಿತ್ತು; ಉಳಿದೆಲ್ಲಕ್ಕಿಂತ ಅದೇ ಚೆನ್ನಾಗಿತ್ತು.

ಸಭಾಂಗಣ ತುಂಬಿತ್ತು. ಹಳೆಯ ವಿದ್ಯಾರ್ಥಿಗಳು, ಉಪಾಧ್ಯಾಯರು, ಮುಂದಿನ ಸಾಲಿನಲ್ಲಿ ಮಕ್ಕಳು. ವೇದಿಕೆಯ ಮೇಲೆ ಅತ್ತೆ ನೇರವಾಗಿ ಕೂತಿದ್ದರು. "ಈಗ ಕುಟುಂಬದವರಿಂದ ಉಡುಗೊರೆ," ಎಂದು ಮೈಕಿನಲ್ಲಿ ಕರೆದರು. ಹೆಂಡತಿ ಡಬ್ಬವನ್ನು ನನ್ನ ಕೈಗಿಟ್ಟು, "ಹೋಗಿ ಬನ್ನಿ," ಎಂದಳು. ಯುದ್ಧಕ್ಕೆ ಕಳಿಸುವವರೂ ಅಷ್ಟು ನಿರ್ದಯವಾಗಿ ಹೇಳುವುದಿಲ್ಲ.

ಅತ್ತೆ ಡಬ್ಬ ತೆರೆದರು. ಶಾಲು ಬಿಡಿಸಿದರು. ಎಲೆಗಳನ್ನು ನೋಡಿ ಅವರ ಮುಖ ಅರಳಿತು. ಆಮೇಲೆ ಶಾಲನ್ನು ತಿರುಗಿಸಿದರು. ಕನ್ನಡಕ ಮೂಗಿನ ತುದಿಯಿಂದ ಇನ್ನೂ ಒಂದಂಗುಲ ಕೆಳಗಿಳಿಯಿತು. ಮುಂದಿನ ಸಾಲಿನಿಂದ ಒಂದು ಪುಟ್ಟ ಧ್ವನಿ, "ಬಾತುಕೋಳಿ!" ಎಂದಿತು.

"ಏನಿದು?" ಎಂದರು ಅತ್ತೆ. ಎದುರಿಗಿದ್ದ ಮೈಕು ಅದನ್ನು ಸಭೆಗೆಲ್ಲ ಸಾರಿತು.

"ಬಾತುಕೋಳಿ, ಅತ್ತೆ."

"ಯಾರು ಮಾಡಿದ್ದು?"

"ನಾನು."

"ಬೇಕೂಂತ ಮಾಡಿದ್ರಾ?"

"ಇಲ್ಲ ಅತ್ತೆ. ಪ್ರಶ್ನೆ ಕಡಿಮೆ ಮಾಡೋಕೆ ಹೋಗಿ..."

ಎಲ್ಲ ಹೇಳಿದೆ. ಮುನ್ನೂರು ಜನರ ಮುಂದೆ, ಇಪ್ಪತ್ತಮೂರು ಪ್ರಶ್ನೆ, ಮೌನಿ, ಪ್ಲಗ್ಗು, ಸೋಫಾ, ಒಂದನ್ನೂ ಬಿಡದೆ. ಸಭೆ ಬಿದ್ದು ಬಿದ್ದು ನಕ್ಕಿತು. "ಎಲೆಗಳಿಗೆ ನಿಮ್ಮ ಮಗಳು ಮೂರು ತಿಂಗಳು ಕೂತಿದ್ದಾಳೆ ಅತ್ತೆ, ಹಾಳು ಮಾಡಿದ್ದು ನಾನು. ನನ್ನನ್ನ ಕ್ಷಮಿಸಿಬಿಡಿ," ಎಂದು ಮುಗಿಸಿದೆ. ಅತ್ತೆ ಮಾತ್ರ ನಗಲಿಲ್ಲ, ಸಿಟ್ಟೂ ಮಾಡಲಿಲ್ಲ. ಉತ್ತರಪತ್ರಿಕೆ ಓದುವ ಹಾಗೆ ನನ್ನನ್ನು ಕೇಳಿಸಿಕೊಂಡರು.

"ತಪ್ಪು ಪ್ರಶ್ನೆಗಳ ಸಂಖ್ಯೇಲಿ ಇಲ್ಲ, ಅಳಿಯಂದಿರೇ," ಎಂದರು. "ಹೌದು-ಇಲ್ಲ ಅಂತ ಕೇಳಿದ್ರೆ ಮಕ್ಕಳು ಪ್ರಶ್ನೆ ಓದೋದೇ ಇಲ್ಲ. ಕಣ್ಣು ಮುಚ್ಕೊಂಡು ಗುರುತು ಹಾಕ್ತಾರೆ. ಮೂವತ್ತೆಂಟು ವರ್ಷ ನೋಡಿದ್ದೀನಿ. ಓದಿಸಬೇಕು ಅಂದ್ರೆ ಬಿಟ್ಟ ಸ್ಥಳ ತುಂಬಿ ಅಂತ ಕೊಡಬೇಕು. 'ಫ್ರೇಮಿನಲ್ಲಿ ಈಗ ಇರುವುದು ಡ್ಯಾಶ್ ಡ್ಯಾಶ್ ಡ್ಯಾಶ್.' ಆಗ ಎಂಥವನೂ ಎದ್ದು ಹೋಗಿ ನೋಡಲೇಬೇಕು. ಅರ್ಥ ಆಯ್ತಾ?"

"ಹೂಂ," ಎಂದೆ. ಆ ದಿನದ ಮೊದಲ ಪ್ರಾಮಾಣಿಕ 'ಹೂಂ' ಅದು.

ಅತ್ತೆ ಶಾಲನ್ನು ಹೊದ್ದುಕೊಂಡರು. ಮಗಳನ್ನು ವೇದಿಕೆಗೆ ಕರೆದು ಸೊಟ್ಟ ಎಲೆಯ ಮೇಲೆ ಬೆರಳಿಟ್ಟು, "ಇದು ಕೈಯಲ್ಲಿ ಹಾಕಿದ್ದಲ್ವಾ?" ಎಂದರು. "ಹೌದಮ್ಮಾ," ಎಂದಳು ಇವಳು. ಇಬ್ಬರ ಕಣ್ಣಲ್ಲೂ ನೀರು. ಮಕ್ಕಳು ಒಂದೇ ಸಮನೆ "ಮಿಸ್, ತಿರುಗಿ! ಮಿಸ್, ತಿರುಗಿ!" ಎಂದು ಕೂಗಿದರು. ಮೂವತ್ತೆಂಟು ವರ್ಷದಲ್ಲಿ ಒಮ್ಮೆಯೂ ತರಗತಿಗೆ ಬೆನ್ನು ತೋರಿಸದ ಮುಖ್ಯೋಪಾಧ್ಯಾಯಿನಿ ಸಭೆಗೆ ಬೆನ್ನು ತಿರುಗಿಸಿ ನಿಂತರು. ಅಷ್ಟು ದೊಡ್ಡ ಚಪ್ಪಾಳೆ ನನ್ನ ಯಾವ ಪ್ರೋಗ್ರಾಂಗೂ ಬಿದ್ದಿಲ್ಲ.

ಅತ್ತೆಯನ್ನು ಅವರ ಮನೆಗೆ ಬಿಡಲು ಕಾರಿನಲ್ಲಿ ಹೊರಟೆವು. ನನ್ನ ತಲೆಯೊಳಗೆ ಬಿಟ್ಟ ಸ್ಥಳ ಓಡುತ್ತಿತ್ತು. ಇಪ್ಪತ್ತೆರಡು ಪ್ರಶ್ನೆ ತೆಗೆದು, ಒಂದನ್ನೇ ಇಟ್ಟು, ಅದಕ್ಕೆ ಡ್ಯಾಶ್ ಹಾಕಿದರೆ? ಅದ್ಭುತ! ಸೋಮವಾರ ಬಾಸ್ ಕುಣಿಯುತ್ತಾರೆ! ಹಿಂದಿನ ಸೀಟಿನಿಂದ ಅತ್ತೆ ಏನೋ ಕೇಳಿದರು.

"ಹೂಂ ಅತ್ತೆ," ಎಂದೆ.

ಪಕ್ಕದಲ್ಲಿ ಹೆಂಡತಿ ಕಿಟಕಿಯ ಕಡೆ ತಿರುಗಿ ಬಾಯಿಗೆ ಕೈ ಅಡ್ಡ ಹಿಡಿದುಕೊಂಡಳು. ಭುಜ ಅಲುಗುತ್ತಿತ್ತು. ಅಳುತ್ತಿದ್ದಾಳೆ ಎಂದುಕೊಂಡೆ.

ಸೋಮವಾರ ಬಾಸ್ ನಿಜಕ್ಕೂ ಖುಷಿಪಟ್ಟರು. ತಪಾಸಣೆ ಮೇಡಂ ಪರದೆಯ ಮೇಲಿನ ಒಂದೇ ಒಂದು ಪ್ರಶ್ನೆಯನ್ನು ಎರಡು ಸಲ ಓದಿ, "ಇದು ನಿಮ್ಮ ಬುದ್ಧಿ ಅಲ್ಲ," ಎಂದರು. ಅಲ್ಲ ಎಂದು ಒಪ್ಪಿಕೊಂಡೆ. ಹೆಂಡತಿಯ ಎಲೆಗಳ ಕಾಗದದ ಚಿತ್ರಗಳನ್ನೆಲ್ಲ ನಾನೇ ಕೂತು ಒಂದೊಂದಾಗಿ ಮತ್ತೆ ಯಂತ್ರಕ್ಕೆ ಹಾಕಿಕೊಡುವುದಾಗಿ ಫೋನಿನಲ್ಲಿ ಅವಳಿಗೆ ಮಾತು ಕೊಟ್ಟು, ಎದೆಯುಬ್ಬಿಸಿ ಸಂಜೆ ಮನೆಗೆ ಬಂದೆ.

ಊಟದ ಮೇಜಿನ ಒಂದು ಕಡೆ ಅತ್ತೆ ಕೂತಿದ್ದರು, ಬಾತುಕೋಳಿ ಶಾಲು ಹೊದ್ದು. ಎದುರಿಗೆ ಒಂದು ಖಾಲಿ ನೋಟುಪುಸ್ತಕ, ಒಂದು ಪೆನ್ನು.

"ಬನ್ನಿ ಕೂತ್ಕೊಳ್ಳಿ. ಆರು ಗಂಟೆಗೆ ಎರಡು ನಿಮಿಷ ಇದೆ."

"ಏನತ್ತೆ ಇದು?"

"ಮರೆತ್ರಾ? ಮೊನ್ನೆ ಕಾರಲ್ಲಿ ಕೇಳಿದ್ನಲ್ಲಪ್ಪಾ. 'ರಿಟೈರ್ ಆದ್ಮೇಲೆ ಹೊತ್ತು ಹೋಗೋದು ಕಷ್ಟ, ದಿನಾ ಸಂಜೆ ಆರರಿಂದ ಏಳರವರೆಗೆ ಬಂದು ನಿಮಗೆ ಗಮನ ಕೊಡೋದು ಹೇಗೆ ಅಂತ ಪಾಠ ಹೇಳ್ಕೊಡ್ಲಾ?' ಅಂದೆ. ನೀವು ಹೂಂ ಅಂದ್ರಿ."

ಅಡುಗೆಮನೆಯಿಂದ ಹೆಂಡತಿಯ ನಗು ಕೇಳಿಸಿತು. ಈ ಸಲ ಕೈ ಅಡ್ಡ ಹಿಡಿಯುವ ಮರ್ಯಾದೆಯೂ ಇರಲಿಲ್ಲ.

ಮೊದಲ ಹೋಂವರ್ಕ್: 'ನಡೆದದ್ದನ್ನು ನಿಮ್ಮದೇ ವಾಕ್ಯಗಳಲ್ಲಿ ಬರೆಯಿರಿ. ತಲೆಬರಹ ಕಡ್ಡಾಯ.' ಇದುವರೆಗೆ ನೀವು ಓದಿದ್ದು ಅದನ್ನೇ. ಮೂರು ಸಂಜೆ ಕೂತು ಬರೆದು ಒಪ್ಪಿಸಿದೆ. ಮಾರನೆಯ ದಿನ ಕೆಂಪು ಶಾಯಿಯಲ್ಲಿ ವಾಪಸು ಬಂತು:

'ಅಕ್ಷರ ದುಂಡಗಿದೆ. ಅತ್ತೆಯ ಕನ್ನಡಕದ ವಿಷಯ ಅನಗತ್ಯ. ಬಾತುಕೋಳಿಗಳು ಒಂಬತ್ತಲ್ಲ, ಹನ್ನೊಂದು. ಒಳಮಡಿಕೆಯಲ್ಲಿ ಇನ್ನೆರಡು ಇವೆ. ಎಣಿಸದೆ ಬರೆದಿದ್ದೀರಿ. ಹತ್ತಕ್ಕೆ ಮೂರು. ತಿದ್ದಿ ಮತ್ತೆ ಒಪ್ಪಿಸಿ.'

ಶಾಲು ಬೇಡಿ ಪಡೆದು ಎಣಿಸಿದೆ. ಹನ್ನೊಂದೇ ಇದ್ದವು.

ಸಂಜೆ ಆರಕ್ಕೆ ಸರಿಯಾಗಿ ಅತ್ತೆ ಬಂದು ಕೂತು, ಕನ್ನಡಕದ ಮೇಲಿಂದ ನೋಡುತ್ತ ಕೇಳಿದರು: "ತಲೆಬರಹದಿಂದ ಹಿಡಿದು ಎಲ್ಲಾ ತಿದ್ದಿದ್ರಾ?"

"ಹೂಂ," ಎಂದೆ.